ತರಕಾರಿಗೆ ಏರುಮಡಿ: ಮಣ್ಣಿನ ದಿಬ್ಬ, ಬ್ಲಾಕು, ದಬ್ಬೆ, ಚೀಲ... ನಿಮ್ಮ ಜಾಗಕ್ಕೆ ಯಾವುದು?

ನಮ್ಮ ಅತ್ತೆಯ ಊರು ಸಾಗರದ ಹತ್ತಿರ. ಅಲ್ಲಿ ಮೇ ಕೊನೆಗೆ ಒಂದೆರಡು ಮಳೆ ಬಿದ್ದ ಕೂಡಲೇ ಅಂಗಳದ ಅಂಚಿನಲ್ಲಿ ಮಣ್ಣು ಏರಿಸಿ ಉದ್ದುದ್ದ ಮಡಿ ಮಾಡುತ್ತಾರೆ. ಮಣ್ಣು ಕೊಚ್ಚಿ ಹೋಗದ ಹಾಗೆ ಎರಡೂ ಬದಿಗೆ ಅಡಿಕೆ ದಬ್ಬೆ (ಉದ್ದಕ್ಕೆ ಸೀಳಿದ ಅಡಿಕೆ ಮರ) ಒರಗಿಸಿ ಗೂಟ ಹೊಡೆದರೆ ಕೆಲಸ ಮುಗಿಯಿತು. ಬೆಂಡೆ, ಅಲಸಂದೆ, ಮುಳ್ಳುಸೌತೆ ಮಳೆಗಾಲವಿಡೀ ಬರುತ್ತವೆ. ಅದಕ್ಕೊಂದು ಹೆಸರು ಬೇಕು ಅಂತ ಅಲ್ಲಿ ಯಾರಿಗೂ ಅನಿಸಿಲ್ಲ. ನಾನು ಬೆಂಗಳೂರಿನಲ್ಲಿ ತರಕಾರಿ ಬೆಳೆಯಲು ಹೊರಟಾಗ ಅದೇ ಮಡಿ ಆನ್‌ಲೈನ್ ಅಂಗಡಿಯಲ್ಲಿ 'ರೈಸ್ಡ್ ಬೆಡ್' ಅನ್ನುವ ಹೆಸರಲ್ಲಿ, ಹಸಿರು ಬಣ್ಣದ ತಗಡಿನ ಪೆಟ್ಟಿಗೆಯಾಗಿ ಕಂಡಿತು. ಬೆಲೆ ನೋಡಿ ಅತ್ತೆಗೆ ಫೋಟೋ ಕಳಿಸಿದೆ. "ಇದರೊಳಗೆ ಮಣ್ಣೂ ಬರ್ತದಾ?" ಅಂತ ಕೇಳಿದರು.

ಮಣ್ಣು ಬರುವುದಿಲ್ಲ. ಅಸಲಿ ಖರ್ಚು ಇರುವುದೇ ಅಲ್ಲಿ. ಲೆಕ್ಕ ಹಾಕಿ ನೋಡಿ: 8 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಆಳದ ಮಡಿ ಅಂದರೆ 32 ಘನ ಅಡಿ. ಸುಮಾರು 900 ಲೀಟರ್. ಸಿಮೆಂಟ್ ಮೂಟೆ ಲೆಕ್ಕದಲ್ಲಿ ಹೇಳಬೇಕೆಂದರೆ 26 ಮೂಟೆಯಷ್ಟು ಜಾಗ. ಅಷ್ಟನ್ನು ಎಲ್ಲಿಂದ ತರುತ್ತೀರಿ, ಯಾರು ಹೊರುತ್ತಾರೆ, ಯಾವುದರ ಮೇಲೆ ಇಡುತ್ತೀರಿ? ಪೆಟ್ಟಿಗೆ ಯಾವುದು ಅನ್ನುವ ಪ್ರಶ್ನೆ ಆಮೇಲಿನದು.

ಮಣ್ಣಿನ ದಿಬ್ಬ, ಬ್ಲಾಕು, ಮರದ ಹಲಗೆ, ಚೀಲ, ಕ್ರೇಟು, ಟೆರೇಸ್ ಮೇಲೆ ಕಟ್ಟಿದ ಇಟ್ಟಿಗೆ ಮಡಿ, ಇಷ್ಟನ್ನೂ ಬಳಸಿ ನೋಡಿದ್ದೇನೆ. ಕೊನೆಯದು ದೊಡ್ಡ ತಪ್ಪು. ಅದರ ಕಥೆ ಮುಂದೆ ಬರುತ್ತದೆ.

ಏರಿಸಬೇಕಾ, ಇಳಿಸಬೇಕಾ?

ಏರುಮಡಿಯ ಮುಖ್ಯ ಕೆಲಸ ಬೇರಿನ ಸುತ್ತ ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು. ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅಲ್ಲಿ ಮಡಿ ಏರಿಸದೆ ಬದನೆ ಗಿಡ ಇಟ್ಟರೆ ಜುಲೈ ಮುಗಿಯುವ ಮೊದಲೇ ಬೇರು ಕೊಳೆಯುತ್ತದೆ. ಬೆಂಗಳೂರಿನ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ಇಲ್ಲಿ ಏರಿಸಬೇಕೋ ಬೇಡವೋ ಅನ್ನುವುದು ನಿಮ್ಮ ಮಣ್ಣು ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ. ವಿಜಯಪುರ, ರಾಯಚೂರು ಕಡೆ 600ರ ಸುತ್ತಮುತ್ತ. ಅಲ್ಲಿ ಬೇಸಿಗೆ ತರಕಾರಿಗೆ ಮಡಿ ಏರಿಸುವುದು ಅಂದರೆ ಗಾಳಿಗೆ ಒಣಗಲು ಹರವಿದ ಹಾಗೆ. ಮೇಲಿಂದಲೂ ಬಿಸಿ, ಬದಿಯಿಂದಲೂ ಬಿಸಿ. ಅಲ್ಲಿ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಿನ ಪಾತಿ ಮಾಡಿ, ಮೇಲೆ ಕಸಕಡ್ಡಿ ಹೊದಿಸುವುದೇ ಸರಿ. ಆದರೆ ಅದೇ ಎರೆ ಭೂಮಿಯಲ್ಲಿ ಮಳೆ ಹಿಡಿದಾಗ ನೀರು ಇಂಗುವುದಿಲ್ಲ, ಕಾಲಿಟ್ಟರೆ ಹೂತು ಹೋಗುತ್ತದೆ. ಹೊಲಕ್ಕೆ ಅಗಲ ಮಡಿ, ಪಕ್ಕದಲ್ಲಿ ಕಾಲುವೆ ಅನ್ನುವ ಪದ್ಧತಿಯನ್ನು ಹೈದರಾಬಾದ್ ಬಳಿಯ ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ರೂಪಿಸಿದ್ದು ಇಂಥ ಕಪ್ಪು ಮಣ್ಣಿಗಾಗಿಯೇ. ಅಂದರೆ ಒಂದೇ ಊರಲ್ಲೂ ಮುಂಗಾರಿಗೆ ಏರು, ಬೇಸಿಗೆಗೆ ತಗ್ಗು ಆಗಬಹುದು. ಕಲ್ಲು ಕಟ್ಟಿ ಶಾಶ್ವತ ಮಾಡುವ ಮೊದಲು ಇದನ್ನು ಯೋಚಿಸಿ.

ನಿಮ್ಮ ಜಾಗ ಹೇಗಿದೆ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒಂದಡಿ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಒಂದೆರಡು ಗಂಟೆಯಲ್ಲಿ ಖಾಲಿಯಾದರೆ ನಿಮಗೆ ಏರುಮಡಿ ಕಡ್ಡಾಯವೇನಲ್ಲ. ಮಾರನೇ ದಿನವೂ ನಿಂತಿದ್ದರೆ ಬೇಕೇ ಬೇಕು.

ಬೆಂಗಳೂರಿನ ಸೈಟುಗಳಲ್ಲಿ ಇನ್ನೊಂದು ಕಾರಣ ಇದೆ. ಮನೆ ಕಟ್ಟಿದವರು ಉಳಿದ ಜಲ್ಲಿ, ಸಿಮೆಂಟ್ ತುಂಡು, ಟೈಲ್ಸ್ ಚೂರು ಎಲ್ಲವನ್ನೂ ಹಿತ್ತಲಿಗೇ ಸುರಿದು ಮೇಲೆ ಎರಡಿಂಚು ಮಣ್ಣು ಹರಡಿರುತ್ತಾರೆ. ನಮ್ಮ ಹಿತ್ತಲಲ್ಲಿ ಹಾರೆ ಹಾಕಿದಾಗ ಠಣ್ ಅಂತ ಸದ್ದು ಬಂತು, ಅಷ್ಟೆ. ಅಗೆದು ಸರಿ ಮಾಡುವುದಕ್ಕಿಂತ ಅದರ ಮೇಲೆ ಏರಿಸುವುದೇ ಸುಲಭವಾಯಿತು. ಮಂಡಿ ನೋವಿನವರಿಗೂ ಏರುಮಡಿ ಒಳ್ಳೆಯದೇ. ಆದರೆ ಅವರಿಗೆ ಒಂದಡಿ ಸಾಲದು, ಕುರ್ಚಿ ಹಾಕಿಕೊಂಡು ಕೂತರೆ ಕೈಗೆ ಸಿಗುವಷ್ಟು ಎತ್ತರ ಬೇಕು.

ಅಗಲದ ವಿಷಯದಲ್ಲಿ ಮಾತ್ರ ಹೊಸದೇನೂ ಬೇಡ. ನಮ್ಮ ರೈತರು ಸಸಿಮಡಿಗೆ ಇಟ್ಟುಕೊಳ್ಳುವ 1.2 ಮೀಟರ್, ಅಂದರೆ 4 ಅಡಿಯೇ ಸರಿ. ಎರಡೂ ಬದಿಯಿಂದ ಕೈ ನಡುವಿಗೆ ಮುಟ್ಟುತ್ತದೆ, ಒಳಗೆ ಕಾಲಿಡಬೇಕಿಲ್ಲ. ಗೋಡೆಗೆ ಒತ್ತಿಕೊಂಡ ಮಡಿಯಾದರೆ 2 ಅಡಿಗಿಂತ ಜಾಸ್ತಿ ಬೇಡ.

ನೆಲದ ಮೇಲಾದರೆ

ನೆಲ ಇದ್ದವರಿಗೆ ನನ್ನ ಸಲಹೆ ಒಂದೇ: ಮೊದಲ ವರ್ಷ ಪೆಟ್ಟಿಗೆಯೇ ಬೇಡ. ಓಡಾಡುವ ದಾರಿಯ ಮಣ್ಣನ್ನು ಅರ್ಧ ಅಡಿ ತೆಗೆದು ಮಡಿಯ ಮೇಲೆ ಹಾಕಿ. ದಾರಿ ಅರ್ಧ ಅಡಿ ತಗ್ಗಿತು, ಮಡಿ ಅರ್ಧ ಅಡಿ ಏರಿತು, ಎರಡಕ್ಕೂ ಸೇರಿ ಒಂದಡಿ ಸಿಕ್ಕಿತು. ಕೊಟ್ಟಿಗೆ ಗೊಬ್ಬರ ಬೆರೆಸಿ, ಅಂಚನ್ನು ಇಳಿಜಾರಾಗಿ ತಟ್ಟಿ, ಮೇಲೆ ಒಣ ಎಲೆ ಹೊದಿಸಿ. ಮಳೆಗೆ ಅಂಚು ಕುಸಿಯುತ್ತದೆ, ವರ್ಷಕ್ಕೆ ಎರಡು ಮೂರು ಸಲ ಗುದ್ದಲಿ ಹಿಡಿಯಬೇಕಾಗುತ್ತದೆ, ಅದೊಂದೇ ತೊಂದರೆ. ಅದರ ಬದಲಿಗೆ ನಿಮಗೆ ಸಿಗುವುದು ದೊಡ್ಡ ಲಾಭ. ಬಿಸಿಲು ಎಲ್ಲಿ ಬೀಳುತ್ತದೆ, ಪಕ್ಕದ ಮನೆಯ ನೆರಳು ಡಿಸೆಂಬರಿನಲ್ಲಿ ಎಲ್ಲಿಗೆ ಬರುತ್ತದೆ ಅಂತ ಒಂದು ವರ್ಷ ನೋಡಿ, ಆಮೇಲೆ ಮಡಿಯ ಜಾಗ ಬದಲಿಸಬಹುದು. ಕಲ್ಲು ಕಟ್ಟಿದವರಿಗೆ ಆ ಅವಕಾಶ ಇಲ್ಲ.

ಜಾಗ ನಿಶ್ಚಯವಾದ ಮೇಲೆ ಅಂಚು ಕಟ್ಟಬೇಕೆಂದರೆ ನನ್ನ ಮೆಚ್ಚಿನದು ಸಿಮೆಂಟ್ ಬ್ಲಾಕು. 16 ಇಂಚು ಉದ್ದ, 8 ಇಂಚು ಎತ್ತರದ್ದು. ಮೇಲೆ ಹೇಳಿದ 8-4 ಅಡಿ ಮಡಿಗೆ ಒಂದು ಸಾಲಿಗೆ ಸುಮಾರು 18 ಬೇಕು. ಎರಡು ಸಾಲು ಇಟ್ಟರೆ 16 ಇಂಚು ಎತ್ತರ. ಗಾರೆ ಹಾಕಬೇಡಿ, ಸುಮ್ನೆ ಒಂದರ ಮೇಲೊಂದು ಜೋಡಿಸಿ. ಸಂದಿನಿಂದ ನೀರು ಹೊರಗೆ ಹೋಗುತ್ತದೆ, ಬೇಡವಾದರೆ ಬಿಚ್ಚಬಹುದು, ಮನೆ ಬದಲಿಸಿದರೆ ಒಯ್ಯಲೂಬಹುದು. ತೂತಿನ ಬ್ಲಾಕ್ ತಂದರೆ ಆ ತೂತುಗಳಿಗೂ ಮಣ್ಣು ತುಂಬಿ ಪುದೀನ, ದೊಡ್ಡಪತ್ರೆ ಹಾಕಬಹುದು. ಖಾಲಿ ಮಾತ್ರ ಬಿಡಬೇಡಿ. ನಾನು ಬಿಟ್ಟಿದ್ದೆ. ಮಳೆಗಾಲಕ್ಕೆ ಪ್ರತಿ ತೂತಿನಲ್ಲೂ ಮುಷ್ಟಿ ಗಾತ್ರದ ಆಫ್ರಿಕನ್ ಬಸವನಹುಳು ಸಂಸಾರ ಹೂಡಿತ್ತು. ರಾತ್ರಿ ಟಾರ್ಚ್ ಹಿಡಿದು ಆರಿಸಿದ್ದೇ ಆರಿಸಿದ್ದು.

ಹೊಸ ಸಿಮೆಂಟು ಸುಣ್ಣ ಬಿಡುತ್ತದೆ, ಮಣ್ಣು ಕ್ಷಾರವಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಕಡೆ ಇದು ಇನ್ನೂ ಜಾಸ್ತಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದರ ಮೇಲೆ ಅನುಮಾನ ಪಡಿ. ಹಳೆಯ ಬ್ಲಾಕ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಒಂದೆರಡು ವಾರ ನೀರು ಹೊಡೆದು ತೊಳೆದು ಬಳಸಿ. ಕರಾವಳಿಯವರಿಗೆ ಈ ಚಿಂತೆ ಇಲ್ಲ. ಅಲ್ಲಿ ಕೆಂಪುಕಲ್ಲು ಹತ್ತಿರದಲ್ಲೇ ಸಿಗುತ್ತದೆ, ಅದು ಸುಣ್ಣ ಬಿಡುವ ಪೈಕಿ ಅಲ್ಲ. ಕೋಲಾರ, ತುಮಕೂರು ಕಡೆಯವರಿಗೆ ಚಪ್ಪಡಿ ಕಲ್ಲು ಇದೆ. ಅರ್ಧ ಹೂತು ಅರ್ಧ ನಿಲ್ಲಿಸಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಕಡಿಮೆ ಸುಟ್ಟ ಇಟ್ಟಿಗೆ ಮಾತ್ರ ಹಸಿ ಮಣ್ಣಿಗೆ ತಾಗಿ ತಾಗಿ ಪುಡಿಯಾಗುತ್ತದೆ. ದುಡ್ಡು ಕೊಟ್ಟು ತರುವಷ್ಟು ಒಳ್ಳೆಯದಲ್ಲ.

ಮರದ ಮಡಿ ನೋಡಲು ಚೆಂದ. ವಿದೇಶದ ಫೋಟೋಗಳಲ್ಲೆಲ್ಲ ಅದೇ ಇರುವುದು. ನಮ್ಮಲ್ಲಿ ಅದರ ಶತ್ರು ಗೆದ್ದಲು. ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಸಿದ್ದೆ. ಮಾರಿದವರು 'ಟ್ರೀಟ್ ಮಾಡಿದ ಮರ' ಅಂದಿದ್ದರು. ಏನು ಬಳಿದಿದ್ದೀರಿ ಅಂತ ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ಕೇಳಿಯೂ ತಂದಿದ್ದು ನನ್ನ ತಪ್ಪು. ಎರಡನೇ ಮಳೆಗಾಲಕ್ಕೆ ಮೂಲೆಗೆ ಬೆರಳು ಒತ್ತಿದರೆ ಒಳಗೇ ಹೋಯಿತು. ತೇಗ ಬಾಳಿಕೆ ಬರುತ್ತದೆ, ಆದರೆ ಆ ಬೆಲೆಗೆ ಹತ್ತು ವರ್ಷದ ತರಕಾರಿ ಕೊಳ್ಳಬಹುದು. ಹಳೆಯ ರೈಲ್ವೆ ಸ್ಲೀಪರ್ ಸಿಕ್ಕರೂ ತರಕಾರಿಗೆ ಬೇಡ. ಅದಕ್ಕೆ ಕ್ರಿಯೋಸೋಟ್ ಅನ್ನುವ ಡಾಂಬರಿನ ಎಣ್ಣೆ ಕುಡಿಸಿರುತ್ತಾರೆ. ಗೋಡೌನಿನ ಪ್ಯಾಲೆಟ್ ತರುವುದಾದರೆ ಅದರ ಮೇಲಿನ ಮುದ್ರೆ ನೋಡಿ. 'ಎಚ್‌ಟಿ' ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ತರಬಹುದು. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಬಿಟ್ಟುಬಿಡಿ. ಮಲೆನಾಡಿನವರಿಗೆ ದಬ್ಬೆ ಇದ್ದೇ ಇದೆ. ಎರಡು ಮೂರು ಮಳೆಗಾಲ ತಡೆಯುತ್ತದೆ. ಆಮೇಲೆ ಕೊಳೆತದ್ದನ್ನು ಮಡಿಗೇ ಹಾಕಿ ಹೊಸದು ಸೀಳಿದರಾಯಿತು. ಪುಕ್ಕಟೆ ಸಿಗುವ ವಸ್ತುವಿಗೆ ಬಾಳಿಕೆಯ ಲೆಕ್ಕ ಯಾಕೆ?

ಇನ್ನು ತಗಡು. ಅಮೆರಿಕದಲ್ಲಿರುವ ನನ್ನ ತಮ್ಮ ಇದರ ಗುಣಗಾನ ಮಾಡುತ್ತಾನೆ. ಹಿಮ ಕರಗಿದ ಮೇಲೆ ನೆಲ ಬೆಚ್ಚಗಾಗಲು ವಾರಗಟ್ಟಲೆ ಬೇಕು, ಏರುಮಡಿ ಬೇಗ ಬಿಸಿಯಾಗುತ್ತದೆ, ಬೆಂಡೆ ಬೀಜ ಬೇಗ ಹಾಕಬಹುದು ಅನ್ನುತ್ತಾನೆ. ಅಲ್ಲಿಗೆ ಅದು ಸರಿ. ಅವನು ಏಪ್ರಿಲ್‌ನಲ್ಲಿ ಮಡಿ ಬಿಸಿಯಾಗಲಿ ಅಂತ ಕಾಯುತ್ತಿರುತ್ತಾನೆ, ನಾನು ಅದೇ ತಿಂಗಳು ತಂಪಾಗಲಿ ಅಂತ ಗೋಣಿಚೀಲ ಹೊದಿಸುತ್ತಿರುತ್ತೇನೆ. ಅಲ್ಲಿನವರು ಬರೆದ 'ಏರುಮಡಿಯ ಲಾಭಗಳು' ಓದುವಾಗ ಇದು ನೆನಪಿರಲಿ. ಬಳ್ಳಾರಿ, ಕಲಬುರಗಿ ಬಿಸಿಲಿಗೆ ತಗಡಿನ ಅಂಚು ಕೈಗೇ ಸುಡುತ್ತದೆ, ಅಂಚಿನ ಬೇರು ಬೇಯದೆ ಇರುತ್ತದಾ? ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಬೋಲ್ಟು, ಕತ್ತರಿಸಿದ ಅಂಚು ತುಕ್ಕು ಹಿಡಿಯುತ್ತವೆ. ಬೆಂಗಳೂರು, ಮೈಸೂರಲ್ಲಿ ಅರ್ಧ ದಿನ ನೆರಳಿರುವ ಕಡೆ ನಡೆಯುತ್ತದೆ. ಹಗುರ, ಬೇಗ ಜೋಡಿಸಬಹುದು. ಅಷ್ಟೆ.

ಯಾವ ಅಂಚಾದರೂ ಸರಿ, ಹೆಗ್ಗಣದ ಕಾಟ ಇರುವ ಜಾಗವಾದರೆ ಮಣ್ಣು ತುಂಬುವ ಮೊದಲು ತಳಕ್ಕೆ ಸಣ್ಣ ಕಣ್ಣಿನ ಗಟ್ಟಿ ತಂತಿಬಲೆ ಹಾಸಿ. ತುಂಬಿದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಟೆರೇಸ್ ಮೇಲಾದರೆ ತೂಕವೇ ಯಜಮಾನ

ಓಡಾಡುವ ಟೆರೇಸ್‌ಗೆ ಭಾರತೀಯ ಮಾನಕ ಐಎಸ್ 875 ಪ್ರಕಾರ ಇಂಜಿನಿಯರ್‌ಗಳು ಇಟ್ಟುಕೊಳ್ಳುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್. ನಮ್ಮ ಲೆಕ್ಕದಲ್ಲಿ ಚದರ ಅಡಿಗೆ ಸುಮಾರು 14 ಕೆಜಿ. ಮೆಟ್ಟಿಲೇ ಇಲ್ಲದ, ಯಾರೂ ಹತ್ತದ ಚಾವಣಿಗೆ ಅದರ ಅರ್ಧ. ಈಗ ಒಂದಡಿ ಆಳದ ಒದ್ದೆ ಕೆಂಪು ಮಣ್ಣು ತಗೊಳ್ಳಿ: ಚದರ ಅಡಿಗೆ 45 ಕೆಜಿ ದಾಟುತ್ತದೆ. ಮೂರು ಪಟ್ಟು! ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಜಾಸ್ತಿ ಇರುವ ಹಗುರ ಮಿಶ್ರಣವೂ ಒದ್ದೆಯಾದಾಗ 25 ಕೆಜಿ ಹತ್ತಿರ ತೂಗುತ್ತದೆ. ಹಾಗಾಗಿ ಟೆರೇಸ್ ತುಂಬ ಮಡಿ ಹಾಸುವ ಆಸೆ ಬಿಡಿ. ಹಗುರ ಮಿಶ್ರಣವೇ ಇರಲಿ. ಮಡಿಯಷ್ಟೇ ಅಗಲದ ಖಾಲಿ ಜಾಗ ಪಕ್ಕದಲ್ಲಿರಲಿ. ಭಾರದ್ದೆಲ್ಲ ಕೆಳಗೆ ಗೋಡೆ, ಬೀಮ್ ಇರುವ ಸಾಲಿನ ಮೇಲೆ ಬರಲಿ. ನಡುಹಾಲಿನ ಮೇಲೆ ಬೇಡ. ಹಳೆಯ ಮನೆ, ಮೋಲ್ಡ್‌ನಲ್ಲಿ ಬಿರುಕು ಇದೆ ಅಂದರೆ ಇಂಜಿನಿಯರ್‌ಗೆ ತೋರಿಸದೆ ಒಂದು ಚೀಲವನ್ನೂ ಹತ್ತಿಸಬೇಡಿ.

ಈಗ ನನ್ನ ಇಟ್ಟಿಗೆ ಮಡಿಯ ಕಥೆ. ಪ್ಯಾರಾಪೆಟ್ ಗೋಡೆಗೆ ಸೇರಿಸಿ ಎರಡಡಿ ಅಗಲ, ಹತ್ತಡಿ ಉದ್ದಕ್ಕೆ ಕಟ್ಟಿಸಿದೆ. ಒಳಗೆ ವಾಟರ್‌ಪ್ರೂಫ್ ಬಳಿಸಿದೆ. ಮೊದಲ ವರ್ಷ ಟೊಮೆಟೊ ಹೇಗೆ ಬಂತು ಅಂದರೆ, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಎರಡನೇ ಮಳೆಗಾಲದಲ್ಲಿ ಅಡುಗೆಮನೆ ಸೀಲಿಂಗ್ ಮೇಲೆ ನಕ್ಷೆಯಂಥ ಕಲೆ ಬಂತು. ಎಲ್ಲಿ ಸೋರುತ್ತಿದೆ ಅಂತ ನೋಡಲು ಮಣ್ಣೆಲ್ಲ ತೆಗೆಯಬೇಕಾಯಿತು. ತೆಗೆದರೆ ಬೇರು ಗಾರೆಯ ಸಂದಿಗೆ ಇಳಿದಿತ್ತು. ಮಡಿ ಒಡೆದು, ಡೆಬ್ರಿಸ್ ಸಾಗಿಸಿ, ಮತ್ತೆ ವಾಟರ್‌ಪ್ರೂಫ್ ಮಾಡಿಸಿದ ಖರ್ಚಿನ ಮುಂದೆ ಆ ತಗಡಿನ ಪೆಟ್ಟಿಗೆ ಅಗ್ಗ ಅನಿಸಿತು. ಟೆರೇಸ್ ಮೇಲೆ ಏನೇ ಇಟ್ಟರೂ ಅದರ ಕೆಳಗೆ ಕೈ ಹೋಗಬೇಕು, ಗುಡಿಸಲು ಆಗಬೇಕು. ಕಟ್ಟಿದ ಮಡಿಯಲ್ಲಿ ಅದು ಸಾಧ್ಯವೇ ಇಲ್ಲ.

ಹಾಗಾಗಿ ಟೆರೇಸ್‌ಗೆ ಎಚ್‌ಡಿಪಿಇ ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಗಟ್ಟಿ ಪ್ಲಾಸ್ಟಿಕ್ ಚೀಲ, ಅನ್ನುವುದು ನನ್ನ ಉತ್ತರ. ಅಳತೆ ನೋಡಿ ತಗೊಳ್ಳಿ. 12-12 ಇಂಚಿನದು 22 ಲೀಟರ್ ಹಿಡಿಯುತ್ತದೆ, ಒಂದು ಮೆಣಸಿನ ಗಿಡಕ್ಕೆ ಸಾಕು. 24 ಇಂಚು ಅಗಲ, 12 ಇಂಚು ಎತ್ತರದ್ದು 90 ಲೀಟರ್‌ನಷ್ಟು. ಇದೇ ನಿಜವಾದ 'ಚೀಲದ ಮಡಿ'. ಸೊಪ್ಪು, ಮೂಲಂಗಿ, ಬೀನ್ಸ್ ಎಲ್ಲ ಆಗುತ್ತದೆ. ಒಂದೇ ಕಷ್ಟ, ತುಂಬಿದ ಮೇಲೆ ಒಬ್ಬರಿಂದ ಅಲ್ಲಾಡಿಸಲು ಆಗುವುದಿಲ್ಲ. ಜಿಎಸ್‌ಎಂ ಅಂತ ಬರೆದಿರುತ್ತದಲ್ಲ, ಅದು ಚೀಲದ ಹಾಳೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 200ಕ್ಕಿಂತ ಕೆಳಗಿನದು ತಂದರೆ ಬಿಸಿಲಿಗೆ ಬೇಗ ಗರಿಗರಿಯಾಗಿ ಪುಡಿ ಉದುರುತ್ತದೆ. ಚೀಲವನ್ನು ನೇರ ನೆಲಕ್ಕೆ ಇಡದೆ ಎರಡು ಇಟ್ಟಿಗೆ ಮೇಲೆ ಕೂರಿಸಿ. ಬಟ್ಟೆಯ ಚೀಲಗಳೂ ಬಂದಿವೆ. ಬೇರಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ನೀರು ಹಾಕಿ ಹಾಕಿ ಸಾಕಾಗುತ್ತದೆ.

ದುಡ್ಡು ಉಳಿಸಬೇಕೆಂದರೆ ಹಳೆಯ ತರಕಾರಿ ಕ್ರೇಟು. ಒಳಗೆ ಶೇಡ್‌ನೆಟ್ ಹಾಸಿ ತುಂಬಿದರೆ ಮೆಂತ್ಯ, ಕೊತ್ತಂಬರಿ, ದಂಟಿಗೆ ಬೇರೇನೂ ಬೇಡ. ಹಿಡಿ ಇರುವುದರಿಂದ ಇಬ್ಬರು ಎತ್ತಿ ಜಾಗ ಬದಲಿಸಬಹುದು. ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟರೆ ಸೊಂಟ ಬಗ್ಗಿಸದವರಿಗೆ ಬಹಳ ಅನುಕೂಲ. ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಕೇಳಿ. ಹಣ್ಣಿನ ರಸ, ಉಪ್ಪಿನಕಾಯಿ ಇದ್ದದ್ದಾದರೆ ಸರಿ. ಮಾರುವವರು ತಡವರಿಸಿದರೆ ಬೇಡ.

ಚೀಲದ ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಟೊಮೆಟೊ, ಬದನೆಗೆ ಬಾಡುರೋಗ ಬರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ತಲೆ ಬಗ್ಗಿಸುತ್ತದೆ, ಎಲೆ ಇನ್ನೂ ಹಸಿರೇ ಇರುತ್ತದೆ. ರೋಗಾಣು ಮಣ್ಣಲ್ಲೇ ಉಳಿಯುತ್ತದೆ. ದೊಡ್ಡ ಮಡಿಯಲ್ಲಿ ಒಂದು ಗಿಡಕ್ಕೆ ಬಂದರೆ ಸಾಲಿಗೇ ಹರಡಬಹುದು, ಆಮೇಲೆ ಆ ಮಡಿಯಲ್ಲಿ ವರ್ಷಗಟ್ಟಲೆ ಬದನೆ, ಟೊಮೆಟೊ, ಮೆಣಸು ಬಿಟ್ಟು ಬೇರೆ ಬೆಳೆಯಬೇಕು. ಚೀಲವಾದರೆ ಆ ಒಂದು ಚೀಲ ಆಚೆ ಇಟ್ಟರೆ ಮುಗಿಯಿತು. ಅದಕ್ಕೇ ನೆಲ ಇದ್ದರೂ ನಾನು ಟೊಮೆಟೊವನ್ನು ಚೀಲದಲ್ಲೇ ಇಡುವುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ಬಾಡುರೋಗ, ಎಲೆ ಮುರುಟು ರೋಗ, ಅಂಗಮಾರಿ ಮೂರನ್ನೂ ತಡೆಯಲೆಂದೇ ಮಾಡಿದ್ದು. ಕರಾವಳಿ, ಮಲೆನಾಡಿನವರು ಅಂಥ ಬೀಜದಿಂದಲೇ ಶುರು ಮಾಡಿ.

ಒಳಗೆ ಏನು ತುಂಬುವುದು

ನೆಲದ ಮಡಿಗೆ ನಿಮ್ಮೂರಿನ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು. ಕೋಕೋಪೀಟ್ ಬೇಕಿಲ್ಲ. ಆಳ ಜಾಸ್ತಿ ಇದ್ದರೆ ತಳದ ಅರ್ಧಕ್ಕೆ ಬಾಳೆದಿಂಡು, ತೆಂಗಿನ ಸಿಪ್ಪೆ, ಒಣ ಎಲೆ ಹಾಕಿ. ಬೇಕಾಗುವ ಮಣ್ಣು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದು ಕೊಳೆತಂತೆ ಮಡಿ ಕುಸಿಯುತ್ತದೆ, ಗಾಬರಿ ಬೇಡ, ಮೇಲೆ ಗೊಬ್ಬರ ತುಂಬುತ್ತಾ ಹೋಗಿ.

ಟೆರೇಸ್‌ಗೆ ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮ ಪಾಲು, ಮೇಲೆ ಚೀಲಕ್ಕೆ ಒಂದೆರಡು ಹಿಡಿ ಬೇವಿನ ಹಿಂಡಿ. 5 ಕೆಜಿ ಕೋಕೋಪೀಟ್ ಇಟ್ಟಿಗೆ ನೆನೆದರೆ 70 ಲೀಟರ್ ಆಸುಪಾಸು ಉಬ್ಬುತ್ತದೆ. ನೆನೆಸಿದ ಮೊದಲ ನೀರನ್ನು ಚೆಲ್ಲಿ ಮತ್ತೊಮ್ಮೆ ತೊಳೆಯಿರಿ, ಅದರಲ್ಲಿ ಉಪ್ಪಿರುತ್ತದೆ. ತೊಳೆಯದೆ ಹಾಕಿದವರ ಸಸಿಗಳ ಎಲೆ ತುದಿ ಸುಟ್ಟ ಹಾಗೆ ಆಗುತ್ತದೆ. ಕೋಕೋಪೀಟ್ ನೀರು ಹಿಡಿಯುತ್ತದೆಯೇ ಹೊರತು ಗಿಡಕ್ಕೆ ಊಟ ಹಾಕುವುದಿಲ್ಲ. ಬರೀ ಅದರಲ್ಲೇ ಬೆಳೆಯುವವರು ಹದಿನೈದು ದಿನಕ್ಕೊಮ್ಮೆ ಏನಾದರೂ ಕೊಡುತ್ತಲೇ ಇರಬೇಕು.

ಆಳ: ಸೊಪ್ಪಿಗೆ ಅರ್ಧ ಅಡಿ, ಮೂಲಂಗಿ, ಬೀನ್ಸ್, ಬೆಂಡೆಗೆ ಒಂದಡಿ, ಟೊಮೆಟೊ, ಬದನೆ, ಹೀರೆ ಬಳ್ಳಿಗೆ ಒಂದೂಕಾಲು ಅಡಿ. ನೆಲದ ಮಡಿಗೆ ತಳ ಇಲ್ಲವಾದ್ದರಿಂದ ಅಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಊರಿಗೆ ಹೋಗುವವರಿಗೆ

ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋದಾಗ ಏನು ಮಾಡುತ್ತೀರಿ? ಆಯ್ಕೆ ಮಾಡುವಾಗ ಇದನ್ನು ಯಾರೂ ಯೋಚಿಸುವುದಿಲ್ಲ, ತೋಟ ಒಣಗುವುದು ಮಾತ್ರ ಇದಕ್ಕೇ. ಏಪ್ರಿಲ್ ಬಿಸಿಲಿಗೆ ಸಣ್ಣ ಚೀಲಕ್ಕೆ ದಿನಕ್ಕೆ ಎರಡು ಸಲ ನೀರು ಬೇಕು. ದೊಡ್ಡ ಚೀಲಕ್ಕೆ ಒಂದು ಸಲ. ಎಲೆ ಹೊದಿಸಿದ ಬ್ಲಾಕ್ ಮಡಿ ನಮ್ಮಲ್ಲಿ ಎರಡು ದಿನ ತಡೆಯುತ್ತದೆ, ಮಣ್ಣಿನ ದಿಬ್ಬವೂ ಹಾಗೇ. ಆಗಾಗ ಊರು ಬಿಡುವವರು ಹತ್ತು ಸಣ್ಣ ಚೀಲದ ಬದಲು ಎರಡು ದೊಡ್ಡದು ಇಟ್ಟುಕೊಳ್ಳಿ, ಇಲ್ಲವೇ ಟೈಮರ್ ಇರುವ ಹನಿ ನೀರಾವರಿ ಹಾಕಿಸಿ. ಟೈಮರಿನ ಬ್ಯಾಟರಿ ಮುಗಿದು ಒಂದು ದಸರಾಕ್ಕೆ ನನ್ನ ಅರ್ಧ ತೋಟ ಹೋಗಿದೆ, ಹಾಗಾಗಿ ಪಕ್ಕದ ಮನೆಯವರ ಹತ್ತಿರ ಒಂದು ಕೀಲಿ ಕೊಟ್ಟಿರಿ.

ಬಾಡಿಗೆ ಮನೆಯವರು ಚೀಲ ಮತ್ತು ಕ್ರೇಟು ಬಿಟ್ಟು ಬೇರೆ ನೋಡಲೇಬೇಡಿ. ಸ್ವಂತ ಮನೆ, ಆದರೆ ಟೆರೇಸ್ ಮಾತ್ರ ಇದೆ ಅನ್ನುವವರಿಗೂ ಅದೇ, ಜೊತೆಗೆ ಒಂದೆರಡು ಸೀಳಿದ ಡ್ರಮ್. ಹಿತ್ತಲು ಇರುವವರಿಗೆ ಮಣ್ಣಿನ ದಿಬ್ಬ, ಒಂದು ವರ್ಷದ ಮೇಲೆ ಬ್ಲಾಕು ಅಥವಾ ಊರಿನ ಕಲ್ಲು. ತೋಟದ ಮನೆಯವರು ಈ ಲೇಖನವನ್ನು ಇಲ್ಲಿವರೆಗೆ ಓದಿದ್ದೇ ಜಾಸ್ತಿ, ನಿಮಗಿದೆಲ್ಲ ಗೊತ್ತಿರುವುದೇ ಅಲ್ವಾ?

ಯಾವುದೇ ಮಡಿ ಮಾಡಿದರೂ ಮೊದಲ ಬೆಳೆಯಾಗಿ ಇಡೀ ಮಡಿಗೆ ಹರಿವೆ ಚೆಲ್ಲಿ. ಬೀಜ ಅಗ್ಗ, ಒಂದು ತಿಂಗಳಲ್ಲಿ ಸಾರಿಗೆ ಬರುತ್ತದೆ. ಕೀಳುವ ಮೊದಲು ಬದಿಯಲ್ಲಿ ಕೂತು ಒಮ್ಮೆ ನೋಡಿ. ಎಲ್ಲಿ ಗಿಡ ಗಿಡ್ಡವಾಗಿ ಹಳದಿಯಾಗಿದೆಯೋ ಅಲ್ಲಿ ನೀರು ನಿಲ್ಲುತ್ತಿದೆ, ಇಲ್ಲವೇ ಕೆಳಗೆ ಸಿಮೆಂಟ್ ತುಂಡು ಇದೆ. ಎಲ್ಲಿ ಸಣಕಲಾಗಿ ಉದ್ದಕ್ಕೆ ಹೋಗಿದೆಯೋ ಅಲ್ಲಿ ನೆರಳು ಜಾಸ್ತಿ. ಅಲ್ಲೊಂದು ಕಡ್ಡಿ ನೆಟ್ಟು ಗುರುತು ಮಾಡಿಕೊಂಡು, ಆಮೇಲೆ ಬದನೆ ಸಸಿ ತರಲು ನರ್ಸರಿಗೆ ಹೋಗಿ.